ಮದರಾಸಿನ ಸಾರ್ವಜನಿಕ ಗ್ರಂಥಾಲಯವೂ ಮನೆಯೊಳಗಣ ಮನರಂಜನೆಯೂ

ಚೆನ್ನೈ ನಗರದ ಕೋಟ್ಟೂರುಪುರದಲ್ಲಿರುವ ಅಣ್ಣಾ ಶತಮಾನೋತ್ಸವ ಗ್ರಂಥಾಲಯದಲ್ಲಿ, ಓದುಗರು ತಮ್ಮ ಸ್ವಂತ ಪುಸ್ತಕಗಳನ್ನೇ ತಂದು ಕುಳಿತು ಓದುವುದಕ್ಕಾಗಿ ಒಂದು ವಿಭಾಗವನ್ನು ಬೇರೆಯಾಗಿಯೇ ಇರಿಸಲಾಗಿದೆ. ಮೊದಲ ನೋಟಕ್ಕೆ ಇದು ವಿಚಿತ್ರವೆನಿಸುವ ಏರ್ಪಾಡು. ಗ್ರಂಥಾಲಯವೆಂದರೆ ಪುಸ್ತಕವಿಲ್ಲದವನಿಗೆ ಪುಸ್ತಕವನ್ನು ಒದಗಿಸತಕ್ಕ ಸ್ಥಳವೆಂಬುದು ಸಾಮಾನ್ಯ ತಿಳಿವಳಿಕೆ. ಕೈಯಲ್ಲಿಯೇ ಪುಸ್ತಕವಿರುವವನು ಅಲ್ಲಿಗೆ ಬರಬೇಕಾದ ಕಾರಣವೇನು? ಅವನ ಮನೆಯಲ್ಲಿ ವಿದ್ಯುದ್ದೀಪವಿದೆ. ಹೊತ್ತು ಕಳೆಯುವುದಕ್ಕೆ ದೂರದರ್ಶನವಿದೆ. ಕಿಸೆಯಲ್ಲಿ ಚಿತ್ರ, ಸಂಗೀತ, ಸುದ್ದಿಗಳನ್ನೆಲ್ಲ ಕ್ಷಣಮಾತ್ರದಲ್ಲಿ ತಂದೊಪ್ಪಿಸುವ ಮೊಬೈಲು ಇದೆ. ಆದರೂ ಅವನು ಬಸ್ಸನ್ನೇರಿ ಬರುತ್ತಾನೆ. ಮೇಜಿನ ಮೇಲೆ ತನ್ನ ಪುಸ್ತಕವನ್ನು ತೆರೆದಿಟ್ಟುಕೊಂಡು ಸಂಜೆಯವರೆಗೆ ಕುಳಿತಿರುತ್ತಾನೆ.

ಮನೆಯೊಳಗಣ ಮನರಂಜನೆ ಬೆಳೆದಂತೆಲ್ಲ ಸಾರ್ವಜನಿಕ ಗ್ರಂಥಾಲಯದ ಕಾಲ ಮುಗಿಯಿತೆಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತಿನ ಸತ್ಯಾಸತ್ಯತೆಯನ್ನು ಪರೀಕ್ಷಿಸುವುದಕ್ಕೆ ಮದರಾಸಿಗಿಂತ, ಎಂದರೆ ೧೯೯೬ರಿಂದ ಚೆನ್ನೈ ಎಂದು ಕರೆಯಲ್ಪಡುತ್ತಿರುವ ನಗರಕ್ಕಿಂತ, ತಕ್ಕ ಸ್ಥಳ ನಮ್ಮ ದೇಶದಲ್ಲಿ ವಿರಳ. ಗ್ರಂಥಾಲಯ ಚಳವಳಿಯೂ ಬಾನುಲಿಯೂ ಈ ನಗರದಲ್ಲಿ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಕಣ್ದೆರೆದುವು. ತರುವಾಯದ ಒಂದು ಶತಮಾನದಲ್ಲಿ ಅವೆರಡರ ದಾರಿಗಳು ಹೇಗೆ ಬೇರ್ಪಟ್ಟುವು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಮದರಾಸಿನ ಎಗ್ಮೋರಿನಲ್ಲಿರುವ ಕನ್ನೆಮಾರ ಸಾರ್ವಜನಿಕ ಗ್ರಂಥಾಲಯದ ಮೂಲ ಒಂದು ಆಕಸ್ಮಿಕದಲ್ಲಿದೆ. ಈಸ್ಟ್ ಇಂಡಿಯಾ ಕಂಪೆನಿಯ ಅಧಿಕಾರಿಗಳಿಗೆ ಶಿಕ್ಷಣ ಕೊಡುತ್ತಿದ್ದ ಇಂಗ್ಲೆಂಡಿನ ಹೇಲಿಬರಿ ಕಾಲೇಜಿನಲ್ಲಿ ಹೆಚ್ಚಾಗಿ ಉಳಿದ ಪುಸ್ತಕಗಳು ೧೮೬೦ರ ಸುಮಾರಿಗೆ ಹಡಗಿನಲ್ಲಿ ಮದರಾಸಿಗೆ ಬಂದುವು. ಅವನ್ನು ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ಈ ಸಣ್ಣ ಸಂಗ್ರಹ ಬೆಳೆಯುತ್ತ ಬಂದು, ಅದಕ್ಕೊಂದು ಸ್ವಂತ ಕಟ್ಟಡ ಬೇಕಾಯಿತು. ಆಗಿನ ಗವರ್ನರ್ ಕನ್ನೆಮಾರ ಪ್ರಭು ೧೮೯೦ರಲ್ಲಿ ಶಂಕುಸ್ಥಾಪನೆ ಮಾಡಿದನು. ೧೮೯೬ರ ಡಿಸೆಂಬರಿನಲ್ಲಿ ಗ್ರಂಥಾಲಯ ಸಾರ್ವಜನಿಕರಿಗೆ ತೆರೆಯಿತು. ಬಣ್ಣದ ಗಾಜಿನ ಕಿಟಕಿಗಳೂ ಎತ್ತರವಾದ ಚಾವಣಿಯೂ ಉಳ್ಳ ಆ ಹಳೆಯ ಭವನ ಇಂದಿಗೂ ನಿಂತಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೊದಲ ಮೂರು ದಶಕಗಳ ಕಾಲ ಕನ್ನೆಮಾರ ಗ್ರಂಥಾಲಯದ ಪುಸ್ತಕಗಳನ್ನು ಅಲ್ಲಿಯೇ ಕುಳಿತು ಓದಬೇಕಾಗಿತ್ತು. ಎರವಲಾಗಿ ಮನೆಗೆ ಕೊಡುವ ಪದ್ಧತಿ ಬಂದುದು ೧೯೩೦ರ ಸುಮಾರಿಗೆ. ಎಂದರೆ, ಸಾರ್ವಜನಿಕ ಗ್ರಂಥಾಲಯ ಮೊದಲು ಓದುವ ಸ್ಥಳವಾಗಿದ್ದು, ಆಮೇಲೆ ಪುಸ್ತಕ ಕೊಡುವ ಸ್ಥಳವೂ ಆಯಿತು. ಓದುವುದಕ್ಕೆ ಸ್ಥಳವೆಂಬುದು ಆ ಕಾಲದಲ್ಲಿ ಸುಲಭವಾದ ವಸ್ತುವಾಗಿರಲಿಲ್ಲ. ಮದರಾಸು ಉಚ್ಚ ನ್ಯಾಯಾಲಯದ ಮೊದಲ ಭಾರತೀಯ ನ್ಯಾಯಾಧೀಶರಾದ ತಿರುವಾರೂರು ಮುತ್ತುಸ್ವಾಮಿ ಅಯ್ಯರ್ ಅವರು ಬಾಲ್ಯದಲ್ಲಿ ಬೀದಿಯ ದೀಪದ ಕೆಳಗೆ ಕುಳಿತು ಓದಿದರೆಂಬುದು ಜನಜನಿತವಾದ ಕಥೆ. ಇಂತಹ ಕಥೆ ಜನರ ಬಾಯಲ್ಲಿ ಉಳಿದುದಕ್ಕೆ ಕಾರಣ ಅದರಲ್ಲಿ ಒಬ್ಬರ ಸಾಹಸ ಮಾತ್ರವಲ್ಲದೆ ಅನೇಕರ ಅನುಭವವೂ ಅಡಗಿರುವುದೇ ಆಗಿದೆ. ಮನೆಯಲ್ಲಿ ಬೆಳಕಿಲ್ಲದವನಿಗೆ ಊರಿನ ಬೆಳಕು ಬೇಕಾಗಿತ್ತು.

೨

ಈ ಊರಿನ ಬೆಳಕನ್ನು ಎಲ್ಲರ ಹಕ್ಕನ್ನಾಗಿ ಮಾಡಬೇಕೆಂದು ಹೊರಟವರು ಶಿಯಾಳಿ ರಾಮಾಮೃತ ರಂಗನಾಥನ್. ೧೮೯೨ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಇವರು ೧೯೨೪ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಹೊಸ ಹುದ್ದೆ ಅವರಿಗೆ ಮೊದಲು ಸ್ವಲ್ಪವೂ ಒಗ್ಗಲಿಲ್ಲ. ಓದುಗರ ಸುಳಿವಿಲ್ಲದ ಕೊಠಡಿಯಲ್ಲಿ ಒಬ್ಬರೇ ಕುಳಿತಿರುವುದು ದುಸ್ಸಹವಾಗಿ, ಕೆಲವೇ ದಿನಗಳಲ್ಲಿ ಕಾಲೇಜಿಗೆ ಹಿಂದಿರುಗಬೇಕೆಂದು ಪ್ರಾಂಶುಪಾಲರನ್ನು ಬೇಡಿಕೊಂಡರು. ಲಂಡನ್ನಿಗೆ ಹೋಗಿ ಗ್ರಂಥಾಲಯ ವಿದ್ಯೆಯನ್ನು ಕಲಿತು ಬಂದಮೇಲೂ ಇದೇ ಮನಸ್ಸಿದ್ದರೆ ನೋಡೋಣವೆಂಬ ಸಮಾಧಾನ ದೊರೆಯಿತು. ಲಂಡನ್ನಿನಲ್ಲಿ ಅವರು ಬರ್ವಿಕ್ ಸೇಯರ್ಸ್ ಅವರ ಬಳಿ ಅಭ್ಯಾಸಮಾಡಿದುದಲ್ಲದೆ, ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂಲಿಕಾರರೂ ಮಕ್ಕಳೂ ಹೆಂಗಸರೂ ನಿಸ್ಸಂಕೋಚವಾಗಿ ಬಂದು ಹೋಗುವುದನ್ನು ಕಂಡರು. ೧೯೨೫ರಲ್ಲಿ ಮರಳಿ ಬಂದವರು ಬೇರೆಯೇ ಮನುಷ್ಯರಾಗಿದ್ದರು.

ಮರಳಿದ ಮೇಲೆ ರಂಗನಾಥನ್ ಅವರು ಕೈಗೊಂಡ ಸುಧಾರಣೆಗಳೆಲ್ಲ ಒಂದೇ ಗುರಿಯನ್ನು ಸೂಚಿಸುತ್ತವೆ. ಕಪಾಟುಗಳ ಬಳಿಗೆ ಓದುಗರು ತಾವೇ ಹೋಗಿ ಪುಸ್ತಕಗಳನ್ನು ಮುಟ್ಟಿ ನೋಡಲು ಅವಕಾಶವಾಯಿತು. ಗ್ರಂಥಾಲಯ ದಿನದ ಹೆಚ್ಚು ಹೊತ್ತು, ರಜೆಯ ದಿನಗಳಲ್ಲಿಯೂ, ತೆರೆದಿರತೊಡಗಿತು. ೧೯೨೮ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪಿತವಾಯಿತು. ೧೯೩೧ರಲ್ಲಿ ಅವರ ಪಂಚಸೂತ್ರಗಳ ಗ್ರಂಥ ಪ್ರಕಟವಾಯಿತು. ಪುಸ್ತಕ ಭದ್ರವಾಗಿ ಇಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದೇ ಆ ಸೂತ್ರಗಳ ತಳಹದಿ. ಅದೇ ವರ್ಷದ ಅಕ್ಟೋಬರಿನಲ್ಲಿ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಪುಸ್ತಕಗಳನ್ನು ಹೊತ್ತು ಎತ್ತಿನ ಗಾಡಿಯೊಂದು ಹೊರಟಿತು. ಕನಕಸಭೈ ಪಿಳ್ಳೆಯವರೆಂಬ ಉದಾರಿಗಳ ನೆರವಿನಿಂದ ನಡೆದ ಈ ಸಂಚಾರೀ ಗ್ರಂಥಾಲಯ ದಕ್ಷಿಣದೇಶದ ಗ್ರಂಥಾಲಯ ಚರಿತ್ರೆಯಲ್ಲಿ ಸ್ಮರಣೀಯವಾದುದು. ಗಾಡಿ ಮನೆಮನೆಯ ಬಾಗಿಲಿಗೆ ಬಂದರೂ ಅದರ ಸುತ್ತ ನೆರೆಯುತ್ತಿದ್ದುದು ಊರಿನ ಜನ.

ಈ ಪ್ರಯತ್ನಗಳ ಫಲವಾಗಿ ೧೯೪೮ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಅಂಗೀಕೃತವಾಯಿತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯಿದೆ ಇದೇ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಸಂಗ್ರಹಿಸಿ, ಅದರಿಂದ ಗ್ರಂಥಾಲಯಗಳನ್ನು ನಡೆಸತಕ್ಕದ್ದೆಂದು ಅದು ವಿಧಿಸಿತು. ೧೯೫೦ರಲ್ಲಿ ಕನ್ನೆಮಾರ ಗ್ರಂಥಾಲಯ ರಾಜ್ಯದ ಕೇಂದ್ರ ಗ್ರಂಥಾಲಯವಾಯಿತು. ಕನ್ನಡನಾಡಿಗೂ ಈ ಕಾಯಿದೆಗೂ ನೇರವಾದ ಸಂಬಂಧವಿದೆ. ಬಳ್ಳಾರಿ ಜಿಲ್ಲೆಯ ಕನ್ನಡ ಭಾಗ ೧೯೫೩ರವರೆಗೆ, ದಕ್ಷಿಣ ಕನ್ನಡ ಜಿಲ್ಲೆ ೧೯೫೬ರವರೆಗೆ ಮದರಾಸಿಗೆ ಸೇರಿದ್ದುದರಿಂದ, ಕಾಯಿದೆಯ ಮೂಲಕ ಗ್ರಂಥಾಲಯವನ್ನು ಪಡೆಯುವ ಹಕ್ಕು ಕನ್ನಡಿಗರಲ್ಲಿ ಮೊದಲು ದೊರೆತುದು ಈ ಎರಡು ಪ್ರದೇಶಗಳವರಿಗೆ. ೧೯೫೭ರಲ್ಲಿ ರಂಗನಾಥನ್ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ೧೯೬೨ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರವನ್ನು ಆರಂಭಿಸಿದರು. ೧೯೭೨ರಲ್ಲಿ ಅಲ್ಲಿಯೇ ಕಾಲವಶರಾದರು. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ೧೯೬೫ರಲ್ಲಿ ಬಂದಿತು.

೩

ಇನ್ನು ಮನರಂಜನೆಯ ಕಡೆಗೆ ತಿರುಗಬಹುದು. ರಂಗನಾಥನ್ ಗ್ರಂಥಪಾಲಕರಾದ ೧೯೨೪ರಲ್ಲಿಯೇ, ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಪ್ರಯತ್ನದಿಂದ ಮದರಾಸು ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ಬು ಹುಟ್ಟಿ, ಅದೇ ವರ್ಷ ಪ್ರಸಾರವನ್ನು ಆರಂಭಿಸಿತು. ಹಣದ ಮುಗ್ಗಟ್ಟಿನಿಂದ ಕ್ಲಬ್ಬು ೧೯೨೭ರಲ್ಲಿ ನಿಂತುಹೋದಾಗ ಅದರ ಯಂತ್ರ ನಗರಸಭೆಯ ಪಾಲಾಯಿತು. ೧೯೩೦ರ ಏಪ್ರಿಲಿನಿಂದ ನಗರಸಭೆ ತಾನೇ ಪ್ರಸಾರಮಾಡತೊಡಗಿತು. ಈ ಪ್ರಸಾರವನ್ನು ಜನ ಕೇಳುತ್ತಿದ್ದುದು ಎಲ್ಲಿ? ಮರೀನಾ ಕಡಲತೀರದಲ್ಲಿ, ನಗರದ ಉದ್ಯಾನಗಳಲ್ಲಿ, ನಗರಸಭೆಯ ಶಾಲೆಗಳಲ್ಲಿ. ಧ್ವನಿವರ್ಧಕದ ಮುಂದೆ ಮರಳಿನ ಮೇಲೆ ಕುಳಿತು, ಪರಿಚಯವಿಲ್ಲದವರ ಪಕ್ಕದಲ್ಲಿ ಸಂಗೀತವನ್ನು ಕೇಳುವುದು ಆ ಕಾಲದ ಸಂಜೆಯ ವಿನೋದವಾಗಿತ್ತು. ಮೈಸೂರಿನಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿ, ಅದು 'ಆಕಾಶವಾಣಿ'ಯೆಂಬ ಹೆಸರಿನಿಂದ ಬೆಳೆದ ಬಳಿಕ, ಕನ್ನಡನಾಡಿನ ನಗರಗಳ ಉದ್ಯಾನಗಳಲ್ಲಿಯೂ ರೇಡಿಯೊ ಕೇಳುವ ಪರಿಪಾಠ ಬೆಳೆಯಿತು.

ದೂರದರ್ಶನದ ಆರಂಭವೂ ಹೀಗೆಯೇ. ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಅದು ಪ್ರಾಯೋಗಿಕವಾಗಿ ಕಣ್ದೆರೆದಾಗ, ಯುನೆಸ್ಕೊ ಸಂಸ್ಥೆಯ ನೆರವಿನಿಂದ ಸ್ಥಾಪಿತವಾದ ವೀಕ್ಷಕ ಸಂಘಗಳಲ್ಲಿ ಜನ ಕೂಡಿ ನೋಡುತ್ತಿದ್ದರು. ಅದಕ್ಕೆ ಎಂಟು ವರ್ಷ ಮೊದಲು, ೧೯೫೧ರಲ್ಲಿ, ಇದೇ ಯುನೆಸ್ಕೊ ಸಂಸ್ಥೆಯ ಸಹಾಯದಿಂದ ದೆಹಲಿ ಸಾರ್ವಜನಿಕ ಗ್ರಂಥಾಲಯ ತೆರೆದಿತ್ತೆಂಬುದು ಇಲ್ಲಿ ಸ್ಮರಣಾರ್ಹ. ಅಂದಿನ ಯೋಜಕರ ದೃಷ್ಟಿಯಲ್ಲಿ ಪುಸ್ತಕವೂ ಪರದೆಯೂ ಊರಿನ ಸೊತ್ತು. ೧೯೭೫ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿಯೂ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಒಂದೊಂದು ಸಾರ್ವಜನಿಕ ದೂರದರ್ಶನ ಪೆಟ್ಟಿಗೆಯನ್ನು ಒದಗಿಸಲಾಯಿತು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಪ್ರಯೋಗ ಮೊದಲಾದ ಆ ಆಗಸ್ಟಿನಲ್ಲಿಯೇ ಮದರಾಸಿನ ದೂರದರ್ಶನ ಕೇಂದ್ರವೂ ಕೆಲಸವನ್ನಾರಂಭಿಸಿತು.

ಹೀಗೆ ಗ್ರಂಥಾಲಯ, ಬಾನುಲಿ, ದೂರದರ್ಶನ ಮೂರೂ ನಮ್ಮಲ್ಲಿ ಸಾರ್ವಜನಿಕ ಸ್ಥಳದಲ್ಲಿಯೇ ಪ್ರಾರಂಭವಾದುವು. ವ್ಯತ್ಯಾಸ ಉಂಟಾದುದು ಆಮೇಲೆ. ಬಾನುಲಿಯ ಪೆಟ್ಟಿಗೆ ಅಗ್ಗವಾದಂತೆ ಕಡಲತೀರದ ಧ್ವನಿವರ್ಧಕ ಮೌನವಾಯಿತು. ಮನೆಗೊಂದು ದೂರದರ್ಶನ ಬಂದಂತೆ ಪಂಚಾಯತಿಯ ಪೆಟ್ಟಿಗೆಗೆ ಬೀಗ ಬಿದ್ದಿತು. ಮನೆಯೊಳಕ್ಕೆ ಹೋಗಬಲ್ಲದ್ದೆಲ್ಲ ಹೋಯಿತು. ಗ್ರಂಥಾಲಯದಿಂದ ಪುಸ್ತಕ ಮನೆಗೆ ಹೋಗುತ್ತಿದ್ದರೂ ಗ್ರಂಥಾಲಯ ಮಾತ್ರ ಹೋಗಲಿಲ್ಲ.

೪

೧೯೮೨ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತು. ಅದರ ಬೆನ್ನಿಗೇ ವಿಡಿಯೊ ಕ್ಯಾಸೆಟ್ಟು ನಗರಗಳನ್ನು ಆವರಿಸಿತು. ಕ್ಯಾಸೆಟ್ಟುಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿಗಳು ತಮ್ಮ ಬಾಗಿಲಿನ ಮೇಲೆ 'ವಿಡಿಯೊ ಲೈಬ್ರರಿ' ಎಂದು ಬರೆಯಿಸಿಕೊಂಡುವು. ಗ್ರಂಥಾಲಯವನ್ನು ಮೂಲೆಗೊತ್ತುವುದೆಂದು ಭಾವಿಸಲಾದ ವ್ಯಾಪಾರವೇ ಅದರ ಹೆಸರನ್ನು ಎರವಲು ಪಡೆಯಿತು. ೧೯೯೩ರಲ್ಲಿ ಮದರಾಸಿನಿಂದ ಸನ್ ಟಿವಿಯೂ, ಮರುವರ್ಷ ಅದೇ ಸಂಸ್ಥೆಯ ಕನ್ನಡ ವಾಹಿನಿಯಾದ ಉದಯ ಟಿವಿಯೂ ಹೊರಟುವು. ಉಪಗ್ರಹ ವಾಹಿನಿಗಳ ಹಾಗೂ ತರುವಾಯದ ಅಡಕಮುದ್ರಿಕೆಗಳ ಭರದಲ್ಲಿ ವಿಡಿಯೊ ಲೈಬ್ರರಿಗಳು ಹೇಳಹೆಸರಿಲ್ಲದೆ ಹೋದುವು. ಎಗ್ಮೋರಿನ ಲೈಬ್ರರಿ ತೆರೆದೇ ಇದ್ದಿತು.

ಮನೆಯ ಮನರಂಜನೆಯಿಂದ ಓದಿಗೆ ನಷ್ಟವಾಗಲೇ ಇಲ್ಲವೆಂದರೆ ಅದು ಸತ್ಯಕ್ಕೆ ದೂರವಾದೀತು. ಮಧ್ಯಾಹ್ನದ ಬಿಡುವಿನಲ್ಲಿ ಧಾರಾವಾಹಿ ಕಾದಂಬರಿಯನ್ನು ಓದುತ್ತಿದ್ದವರು ಧಾರಾವಾಹಿಯನ್ನು ನೋಡುವವರಾದರು. ಬೀದಿಬೀದಿಯಲ್ಲಿದ್ದ ಬಾಡಿಗೆ ಪುಸ್ತಕದ ಅಂಗಡಿಗಳು ಒಂದೊಂದಾಗಿ ಮುಚ್ಚಿದುವು. ಹೊತ್ತು ಹೋಗುವುದಕ್ಕಾಗಿ ಓದುತ್ತಿದ್ದವರು ಹೊತ್ತು ಕಳೆಯಲು ಇನ್ನೂ ಸುಲಭವಾದ ದಾರಿಯನ್ನು ಕಂಡುಕೊಂಡುದು ಸ್ವಾಭಾವಿಕವೇ. ಹಾಗಾದರೆ ಗ್ರಂಥಾಲಯದ ಮೇಜುಗಳಲ್ಲಿ ಉಳಿದವರು ಯಾರೆಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ತಮಿಳುನಾಡು ತಾನೇ ತಿಳಿಯದಂತೆ ಒಂದು ದೊಡ್ಡ ಪರೀಕ್ಷೆಯನ್ನು ನಡೆಸಿತು. ೨೦೦೬ರ ಸೆಪ್ಟೆಂಬರ್ ೧೫ರಂದು, ಅಣ್ಣಾದೊರೈ ಅವರ ಜನ್ಮದಿನದಂದು, ರಾಜ್ಯ ಸರಕಾರ ಬಡ ಕುಟುಂಬಗಳಿಗೆ ಬಣ್ಣದ ದೂರದರ್ಶನ ಪೆಟ್ಟಿಗೆಗಳನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಆರಂಭಿಸಿತು. ಮುಂದಿನ ಐದು ವರ್ಷಗಳಲ್ಲಿ ಒಂದೂವರೆ ಕೋಟಿಗೂ ಮಿಕ್ಕ ಪೆಟ್ಟಿಗೆಗಳು ಮನೆಗಳನ್ನು ಸೇರಿದುವು. ಆ ಯೋಜನೆ ನಡೆಯುತ್ತಿರುವಾಗಲೇ, ೨೦೧೦ರ ಸೆಪ್ಟೆಂಬರ್ ೧೫ರಂದು, ಅದೇ ಜನ್ಮದಿನದಂದು, ಅದೇ ಸರಕಾರ ಕೋಟ್ಟೂರುಪುರದಲ್ಲಿ ಒಂಬತ್ತು ಅಂತಸ್ತಿನ ಅಣ್ಣಾ ಶತಮಾನೋತ್ಸವ ಗ್ರಂಥಾಲಯವನ್ನು ತೆರೆಯಿತು. ಮಕ್ಕಳಿಗೆ ಬೇರೆ ವಿಭಾಗ, ದೃಷ್ಟಿಹೀನರಿಗೆ ಬ್ರೈಲ್ ವಿಭಾಗ, ಮೊದಲು ಹೇಳಿದಂತೆ ಸ್ವಂತ ಪುಸ್ತಕಗಳನ್ನು ತರುವವರಿಗೊಂದು ವಿಭಾಗ ಅದರಲ್ಲಿ ಏರ್ಪಟ್ಟುವು. ಪರದೆ ಮನೆಗೇ ಉಚಿತವಾಗಿ ಬಂದ ರಾಜ್ಯದಲ್ಲಿ, ಮನೆ ಬಿಟ್ಟು ಹೊರಟು ಹೋಗಬೇಕಾದ ಗ್ರಂಥಾಲಯ ಓದುಗರಿಂದ ತುಂಬಿತು.

ಇದರ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ನಗರದ ಸಾಮಾನ್ಯ ಕುಟುಂಬದ ಮನೆಯಲ್ಲಿ ಒಂದು ಅಥವಾ ಎರಡು ಕೋಣೆ. ಆ ಕೋಣೆಯಲ್ಲಿಯೇ ಅಡಿಗೆ, ಊಟ, ನಿದ್ದೆ. ಅಲ್ಲಿಗೆ ದೂರದರ್ಶನ ಬಂದರೆ ಅದೂ ಅಲ್ಲಿಯೇ. ಅಜ್ಜಿ ಧಾರಾವಾಹಿಯನ್ನು ನೋಡುತ್ತಿರುವ ಕೋಣೆಯಲ್ಲಿ ಮೊಮ್ಮಗಳು ಪರೀಕ್ಷೆಗೆ ಓದಬೇಕು. ಇಬ್ಬರ ಬಯಕೆಯೂ ನ್ಯಾಯವಾದುದೇ. ಆದರೆ ಒಂದು ಕೋಣೆ ಇಬ್ಬರಿಗೂ ಸಾಲದು. ಮುತ್ತುಸ್ವಾಮಿ ಅಯ್ಯರ್ ಅವರ ಬಾಲ್ಯದಲ್ಲಿ ಮನೆಯಲ್ಲಿ ಬೆಳಕಿರಲಿಲ್ಲ. ಈ ಮೊಮ್ಮಗಳ ಮನೆಯಲ್ಲಿ ಬೆಳಕಿದೆ, ನಿಶ್ಶಬ್ದವಿಲ್ಲ. ಆದುದರಿಂದ ಮನೆಯ ಮನರಂಜನೆ ಗ್ರಂಥಾಲಯದಿಂದ ಹಗುರವಾದ ಓದಿನವರನ್ನು ಸೆಳೆದುಕೊಂಡರೂ, ಏಕಾಗ್ರತೆಯನ್ನು ಬಯಸುವವರನ್ನು ಅಲ್ಲಿಗೇ ಅಟ್ಟಿತೆಂದು ಹೇಳಬೇಕಾಗುತ್ತದೆ. ಸರಕಾರೀ ನೌಕರಿಯ ಸ್ಪರ್ಧಾಪರೀಕ್ಷೆಗಳಿಗೆ ಸಿದ್ಧರಾಗುವ ತರುಣ ತರುಣಿಯರು ಅಲ್ಲಿನ ಮೇಜುಗಳಲ್ಲಿ ಬಹುಸಂಖ್ಯೆಯಲ್ಲಿ ಕಂಡುಬರುವುದು ಈ ಮಾತಿಗೆ ಪುಷ್ಟಿಯನ್ನೀಯುತ್ತದೆ.

ಏಕಾಂತವೊಂದೇ ಕಾರಣವೆಂದೂ ಹೇಳಲಾಗದು. ಏಕಾಂತ ಮಾತ್ರವೇ ಬೇಕಾಗಿದ್ದರೆ ದೇವಸ್ಥಾನದ ಜಗಲಿಯೋ ಮರದ ನೆರಳೋ ಸಾಕಾಗುತ್ತಿತ್ತು. ಗ್ರಂಥಾಲಯದಲ್ಲಿ ಮನುಷ್ಯ ಒಬ್ಬನೇ ಇದ್ದೂ ಒಂಟಿಯಾಗಿರುವುದಿಲ್ಲ. ಎದುರಿಗೆ ಕುಳಿತವನು ಯಾರೋ ತಿಳಿಯದು; ಆದರೆ ಅವನು ಎದ್ದುಹೋಗದಿರುವುದೇ ತನಗೂ ಕುಳಿತಿರಲು ಧೈರ್ಯ ಕೊಡುತ್ತದೆ. ಅಲ್ಲಿ ಯಾರೂ ಏನನ್ನೂ ಕೊಳ್ಳಬೇಕಾಗಿಲ್ಲ. ಏಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಕಾಫಿ ಹೋಟೆಲಿನಲ್ಲಿ ಲೋಟ ಬರಿದಾದೊಡನೆ ಏಳಬೇಕು. ಗ್ರಂಥಾಲಯದಲ್ಲಿ ಬಾಗಿಲು ಹಾಕುವಾಗ ಎದ್ದರೆ ಸಾಕು. ವೃತ್ತಪತ್ರಿಕೆಗಾಗಿ ಬರುವ ನಿವೃತ್ತರಿಗೂ, ಹಗಲೆಲ್ಲ ನಿರ್ಭಯವಾಗಿ ಕುಳಿತು ಓದಬಯಸುವ ಹೆಣ್ಣುಮಕ್ಕಳಿಗೂ, ಇಂತಹ ಬೇರೊಂದು ಸ್ಥಳವನ್ನು ನಗರ ಕೊಟ್ಟಿಲ್ಲ.

೫

ಈ ಆಕರ್ಷಣೆ ಎಷ್ಟು ಆಳವಾದುದೆಂಬುದು ೨೦೧೧ರಲ್ಲಿ ವ್ಯಕ್ತವಾಯಿತು. ಆ ವರ್ಷದ ನವೆಂಬರಿನಲ್ಲಿ, ಕೋಟ್ಟೂರುಪುರದ ಗ್ರಂಥಾಲಯವನ್ನು ಅಲ್ಲಿಂದ ಸ್ಥಳಾಂತರಿಸಿ ಕಟ್ಟಡವನ್ನು ಮಕ್ಕಳ ಆಸ್ಪತ್ರೆಯನ್ನಾಗಿ ಪರಿವರ್ತಿಸುವುದಾಗಿ ಹೊಸದಾಗಿ ಬಂದ ಸರಕಾರ ಪ್ರಕಟಿಸಿತು. ಮಕ್ಕಳ ಆಸ್ಪತ್ರೆ ಬೇಡವೆನ್ನುವವರು ಯಾರೂ ಇರಲಾರರು. ಆದರೂ ಲೇಖಕರು, ವಿದ್ಯಾರ್ಥಿಗಳು, ಸಾಮಾನ್ಯ ಓದುಗರು ಇದನ್ನು ಪ್ರತಿಭಟಿಸಿದರು. ವಿಷಯ ಮದರಾಸು ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಕೆಲವೇ ದಿನಗಳಲ್ಲಿ ತಡೆಯಾಜ್ಞೆ ದೊರೆಯಿತು. ಗ್ರಂಥಾಲಯ ಉಳಿಯಿತು. ತರುವಾಯದ ವರ್ಷಗಳಲ್ಲಿ ಅದರ ನಿರ್ವಹಣೆಯ ಕೊರತೆಗಳೂ ನ್ಯಾಯಾಲಯದ ಗಮನಕ್ಕೆ ಬಂದುವು. ಕಟ್ಟಡದಲ್ಲಿದ್ದ ಪುಸ್ತಕಗಳಿಗೆ ಬೇರೆ ಸ್ಥಳವನ್ನು ಸೂಚಿಸಿದಾಗಲೂ ಓದುಗರು ಒಪ್ಪಲಿಲ್ಲವೆಂಬುದು ಈ ಪ್ರಕರಣದ ಸಾರ. ಅವರು ಕಾಪಾಡಿಕೊಂಡುದು ಪುಸ್ತಕಗಳನ್ನಷ್ಟೇ ಅಲ್ಲ, ಕುಳಿತುಕೊಳ್ಳುವ ತಮ್ಮ ಹಕ್ಕನ್ನು.

೨೦೨೦ರ ಮಾರ್ಚಿಯಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಗ್ರಂಥಾಲಯಗಳೆಲ್ಲ ಮುಚ್ಚಿ, ಜನ ತಿಂಗಳುಗಟ್ಟಲೆ ಮನೆಯಲ್ಲಿಯೇ ಇರಬೇಕಾಯಿತು. ಮನೆಯೊಳಗಣ ಮನರಂಜನೆಗೆ ಇದಕ್ಕಿಂತ ದೊಡ್ಡ ಅವಕಾಶ ಎಂದೂ ದೊರೆತಿರಲಿಲ್ಲ. ಆದರೆ ಬಾಗಿಲು ತೆರೆದಮೇಲೆ ಓದುಗರು ಹಿಂದಿರುಗಿದರು. ೨೦೨೩ರ ಜುಲೈನಲ್ಲಿ ಮಧುರೆಯಲ್ಲಿ ಕಲೈಞರ್ ಶತಮಾನೋತ್ಸವ ಗ್ರಂಥಾಲಯವೆಂಬ ಇನ್ನೊಂದು ಬೃಹತ್ ಗ್ರಂಥಾಲಯ ತೆರೆಯಿತು.

೬

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಚರಿತ್ರೆಯಲ್ಲಿ ಇನ್ನೊಂದು ಅರ್ಥವೂ ಇದೆ. ೧೯೫೪ರ ಪುಸ್ತಕ ಸಲ್ಲಿಕೆಯ ಕೇಂದ್ರ ಕಾಯಿದೆಯ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಪ್ರತಿಯನ್ನು ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ, ಮದರಾಸಿನ ಕನ್ನೆಮಾರ ಗ್ರಂಥಾಲಯಕ್ಕೂ, ಮುಂಬಯಿಯ ಕೇಂದ್ರ ಗ್ರಂಥಾಲಯಕ್ಕೂ ಕಳುಹಿಸತಕ್ಕದ್ದೆಂದಾಯಿತು. ಕಾಲಾನಂತರದಲ್ಲಿ ದೆಹಲಿ ಸಾರ್ವಜನಿಕ ಗ್ರಂಥಾಲಯವೂ ಈ ಪಟ್ಟಿಗೆ ಸೇರಿತು. ಕನ್ನಡ ಪುಸ್ತಕಗಳಿಗೂ ಈ ನಿಯಮ ಅನ್ವಯಿಸುತ್ತದೆ. ಎಂದರೆ, ಧಾರವಾಡದಲ್ಲಿಯೋ ಶಿವಮೊಗ್ಗೆಯಲ್ಲಿಯೋ ಅಚ್ಚಾದ ಒಂದು ಕನ್ನಡ ಕವನಸಂಗ್ರಹಕ್ಕೆ ಕರ್ನಾಟಕದ ಹೊರಗೆ ನಾಲ್ಕು ನಗರಗಳಲ್ಲಿ ಕಾಯಿದೆಯೇ ಮನೆ ಕಟ್ಟಿಕೊಟ್ಟಿದೆ. ವಾಹಿನಿಗಳ ಮೂಲಕ ಕನ್ನಡದ ಮಾತು ಚೆನ್ನೈಯ ಕನ್ನಡಿಗರ ಮನೆಯೊಳಕ್ಕೆ ಬಂದುದು ಸಂತೋಷದ ವಿಷಯ. ಆದರೆ ಆ ಮಾತು ಮನೆಯ ಗೋಡೆಯೊಳಗೇ ಉಳಿಯುತ್ತದೆ. ಕನ್ನೆಮಾರದ ಕಪಾಟಿನಲ್ಲಿರುವ ಕನ್ನಡ ಪುಸ್ತಕ ಅನ್ಯಭಾಷಿಕರ ಕಣ್ಣೆದುರಿಗೂ ನಿಂತು, ಈ ಭಾಷೆಗೂ ಈ ನಗರದಲ್ಲಿ ಸ್ಥಾನವಿದೆಯೆಂದು ಸಾರುತ್ತದೆ.

ಆ ಸ್ಥಾನ ಕಾಯಿದೆಯಿಂದ ಮಾತ್ರ ಉಳಿಯತಕ್ಕದ್ದಲ್ಲ. ಗ್ರಂಥಾಲಯದಲ್ಲಿ ಕೇಳುವವರಿರುವ ಪುಸ್ತಕ ಎದುರಿನ ಕಪಾಟಿನಲ್ಲಿರುತ್ತದೆ; ಕೇಳುವವರಿಲ್ಲದ ಪುಸ್ತಕ ಕ್ರಮೇಣ ಉಗ್ರಾಣವನ್ನು ಸೇರುತ್ತದೆ. ಕೋಟ್ಟೂರುಪುರದ ಗ್ರಂಥಾಲಯ ಉಳಿದುದು ಅಲ್ಲಿ ದಿನವೂ ಬಂದು ಕುಳಿತವರು ಇದ್ದುದರಿಂದ. ಕನ್ನಡದ ಕಪಾಟು ಉಳಿಯಬೇಕಾದರೂ ಅದಕ್ಕೆ ಅಂತಹವರೇ ಬೇಕು. ವಾರಕ್ಕೊಂದು ಸಂಜೆ ಮನೆಯ ಪರದೆಯನ್ನು ಆರಿಸಿ, ಮಕ್ಕಳ ಕೈ ಹಿಡಿದು ಎಗ್ಮೋರಿಗೆ ಹೋಗಿ, ಕನ್ನಡ ಪುಸ್ತಕವೊಂದನ್ನು ಹೆಸರು ಹೇಳಿ ಕೇಳುವುದು ಕಷ್ಟದ ಕೆಲಸವಲ್ಲ. ಈ ನಗರದ ಕನ್ನಡಿಗರು ಇಷ್ಟನ್ನು ಮಾಡಿದರೆ, ನೂರ ಮೂವತ್ತು ವರ್ಷಗಳ ಹಿಂದೆ ಎಲ್ಲರಿಗೂ ತೆರೆದ ಆ ಬಾಗಿಲು ಕನ್ನಡಕ್ಕೂ ತೆರೆದೇ ಇರುತ್ತದೆ.